ಆಪರೇಷನ್ ಮೇಜಿನ ಮೇಲಿನ ಚಳಿ: ರೋಗಿಯ ಮೈಬಿಸಿಯನ್ನು ಶಸ್ತ್ರಚಿಕಿತ್ಸಕರು ಗಮನಿಸುವ ಬಗೆ

ಜನವರಿಯ ಒಂದು ಬೆಳಗಿನ ಜಾವ, ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಲೈನ್‌ಮನೆಯಿಂದ ಅಜ್ಜಿಯೊಬ್ಬರನ್ನು ಆಂಬುಲೆನ್ಸ್‌ನಲ್ಲಿ ಹಾಸನಕ್ಕೆ ಕರೆತಂದಿದ್ದರು. ತೊಡೆಸಂದಿನ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡಿತ್ತು. ಸ್ಪೈನಲ್ ಅರಿವಳಿಕೆ (ಬೆನ್ನಿಗೆ ಚುಚ್ಚಿ ಸೊಂಟದ ಕೆಳಭಾಗವನ್ನಷ್ಟೇ ಮರಗಟ್ಟಿಸುವುದು) ಕೊಡಿಸಿ, ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಸಿದೆ. ಗೌನಿನೊಳಗೆ ನಾನು ಬೆವರುತ್ತಿದ್ದುದರಿಂದ ನಡುವೆ ಒಮ್ಮೆ ಎ.ಸಿ. ಇನ್ನಷ್ಟು ತಣ್ಣಗೆ ಮಾಡಿಸಿದ್ದೂ ನೆನಪಿದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ರಿಕವರಿ ಕೋಣೆಗೆ ಹೋಗಿ ನೋಡಿದರೆ ಅಜ್ಜಿ ಮಂಚದ ಕಂಬಿಗಳು ಸದ್ದಾಗುವಷ್ಟು ನಡುಗುತ್ತಿದ್ದರು, ಬೆರಳಿಗೆ ಹಾಕಿದ ಆಕ್ಸಿಮೀಟರ್ ನಾಡಿಯನ್ನೇ ಹಿಡಿಯುತ್ತಿರಲಿಲ್ಲ, ಮತ್ತು ಅವರು ಕೇಳುತ್ತಿದ್ದುದು ಒಂದೇ ಮಾತು: "ನನ್ ಕಂಬ್ಳಿ ಕೊಡ್ರಪ್ಪಾ." ಕಂಬಳಿ ಹೊರಗೆ ಮಗನ ಕಂಕುಳಲ್ಲಿತ್ತು, ಥಿಯೇಟರಿನ ಬಾಗಿಲಲ್ಲಿ ನಮ್ಮವರೇ ಅದನ್ನು ತೆಗೆಸಿ ಕೊಟ್ಟಿದ್ದರು. ಅರಿವಳಿಕೆ ತಜ್ಞೆ ಕಿವಿಯ ಥರ್ಮಾಮೀಟರ್ ಇಟ್ಟು ನೋಡಿದಾಗ 34.8 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಆ ಒಂದೂವರೆ ಗಂಟೆಯಲ್ಲಿ ನಾನು ಬಿ.ಪಿ. ಎಷ್ಟೆಂದು ಹಲವು ಸಲ ಕೇಳಿದ್ದೆ, ಮೈಬಿಸಿ ಎಷ್ಟೆಂದು ಒಮ್ಮೆಯೂ ಕೇಳಿರಲಿಲ್ಲ.

ಅಂದಿನಿಂದ ನಾನು ರೂಢಿಸಿಕೊಂಡ ಕ್ರಮವನ್ನು, ಹಾಸನ, ಚಿಕ್ಕಮಗಳೂರಿನಂಥ ಜಿಲ್ಲೆಗಳ ಆಸ್ಪತ್ರೆ ಮತ್ತು ನರ್ಸಿಂಗ್ ಹೋಮ್‌ಗಳಲ್ಲಿ ಈಗಷ್ಟೇ ಸ್ವತಂತ್ರವಾಗಿ ಆಪರೇಷನ್ ಮಾಡಲಾರಂಭಿಸಿರುವ ಕಿರಿಯ ಶಸ್ತ್ರಚಿಕಿತ್ಸಕರಿಗಾಗಿ ಇಲ್ಲಿ ಬರೆದಿದ್ದೇನೆ. ಮೈಬಿಸಿ ಕಾಯುವುದು ಅರಿವಳಿಕೆ ತಜ್ಞರ ಕೆಲಸವೆಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಆದರೆ ರೋಗಿಯ ಮೈಯನ್ನು ಎಷ್ಟು ತೆರೆದಿಡಬೇಕು, ಹೊಟ್ಟೆಯೊಳಗೆ ಯಾವ ನೀರು ಸುರಿಯಬೇಕು, ಎ.ಸಿ. ಎಷ್ಟಿರಬೇಕು, ಕೆಲಸ ಎಷ್ಟು ಹೊತ್ತು ಹಿಡಿಯಬೇಕು ಎಂಬುದನ್ನೆಲ್ಲ ನಿರ್ಧರಿಸುವವರು ನಾವೇ. ಅದಕ್ಕಿಂತ ಮುಖ್ಯವಾಗಿ, ಆ ಕೋಣೆಯ ಚಳಿಯ ಬಗ್ಗೆ ಅತ್ಯಂತ ತಪ್ಪಾದ ಅಂದಾಜು ಇರುವುದೂ ನಮಗೇ: ತಲೆಯ ಮೇಲೆ ದೀಪ, ಮೈಮೇಲೆ ಎರಡು ಪದರದ ಬಟ್ಟೆ, ಕೆಲವೊಮ್ಮೆ ಸೀಸದ ಏಪ್ರನ್. ನಮಗೆ ಹಿತವೆನಿಸುವ ಕೋಣೆ ಬರಿಮೈಯಲ್ಲಿ ಮಲಗಿದವರಿಗೆ ಕೊರೆಯುತ್ತದೆ.

ಯಾವ ಸಂಖ್ಯೆ, ಎಲ್ಲಿ ಅಳೆದದ್ದು

ದೇಹದ ಒಳತಾಪಮಾನ ಸಹಜವಾಗಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್‌ನ ನಡುವೆ ಇರುತ್ತದೆ. ಆಪರೇಷನ್ ಸಂದರ್ಭದಲ್ಲಿ ಅದು ನಾವು ಬಯಸದೆಯೇ 36ಕ್ಕಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಎನ್ನುತ್ತೇವೆ. ನಮ್ಮ ವಾರ್ಡುಗಳ ಚಾರ್ಟು ಇನ್ನೂ ಹೆಚ್ಚಾಗಿ ಫ್ಯಾರನ್‌ಹೀಟ್‌ನಲ್ಲಿಯೇ ಇರುವುದರಿಂದ 96.8 ಎಂಬ ಸಂಖ್ಯೆಯನ್ನೂ ನೆನಪಿಡಬೇಕು, ಏಕೆಂದರೆ ಜ್ವರವನ್ನು ಹುಡುಕಲು ಪಳಗಿದ ಕಣ್ಣಿಗೆ 96 ಎಂಬುದು "ಜ್ವರವಿಲ್ಲ" ಎಂದಷ್ಟೇ ಕಾಣುತ್ತದೆ. ಹಳೆಯ ಗಾಜಿನ ಥರ್ಮಾಮೀಟರುಗಳ ಗೀಟುಗಳಂತೂ ಸಾಮಾನ್ಯವಾಗಿ 94 ಅಥವಾ 95ರಿಂದಲೇ ಆರಂಭವಾಗುತ್ತವೆ. ಅದಕ್ಕಿಂತ ತಣ್ಣಗಿರುವ ರೋಗಿ ಆ ಉಪಕರಣದ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಪೂರ್ಣ ಅರಿವಳಿಕೆಯಲ್ಲಿರುವವರಿಗೆ ಅನ್ನನಾಳದ ಕೆಳಭಾಗದಲ್ಲಿ ಅಥವಾ ಮೂಗಿನ ಹಿಂಬದಿಯಲ್ಲಿ ಇಡುವ ಪ್ರೋಬ್ (ತಾಪಮಾನ ಅಳೆಯುವ ತೆಳು ತಂತಿ) ನಂಬಿಕೆಗೆ ಅರ್ಹ. ಸ್ಪೈನಲ್ ಪಡೆದು ಎಚ್ಚರವಿರುವವರಿಗೆ ನಾಲಿಗೆಯಡಿ ಇಟ್ಟು ನೋಡಬಹುದು. ಹಣೆಗೆ ಅಂಟಿಸಿ ಒಳತಾಪಮಾನವನ್ನು ಅಂದಾಜಿಸುವ ಸೆನ್ಸರ್ ಇದ್ದರೆ ಇನ್ನೂ ಒಳ್ಳೆಯದು. ಕೋವಿಡ್ ಕಾಲದಲ್ಲಿ ಎಲ್ಲ ಬಾಗಿಲುಗಳಲ್ಲಿ ಕಂಡ, ಹಣೆಗೆ ಗುರಿಯಿಟ್ಟು ಒತ್ತುವ ಥರ್ಮಾಮೀಟರ್ ಈ ಕೆಲಸಕ್ಕೆ ಬರುವುದಿಲ್ಲ. ಅದು ಅಳೆಯುವುದು ಚರ್ಮದ ಬಿಸಿಯನ್ನು. ಕೆಳಹೊಟ್ಟೆ ತೆರೆದಿರುವಾಗ ಮೂತ್ರಕೋಶದಿಂದ ಬರುವ ಅಳತೆಯನ್ನೂ ನೆಚ್ಚಬೇಡಿ.

ಮೈ ತಣ್ಣಗಾಗುವುದು ಹೇಗೆ

ಇದನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಮುಂದಿನ ಕ್ರಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಎಚ್ಚರವಿರುವ ಮನುಷ್ಯನ ದೇಹ ಚಳಿಯಾದೊಡನೆ ಕೈಕಾಲುಗಳ ರಕ್ತನಾಳಗಳನ್ನು ಬಿಗಿಹಿಡಿದು ಬಿಸಿಯನ್ನು ಎದೆ, ಹೊಟ್ಟೆ, ತಲೆಯೊಳಗೆ ಕಾಪಿಡುತ್ತದೆ. ಅರಿವಳಿಕೆಯ ಮದ್ದು ಮೈಗೇರಿದೊಡನೆ ಆ ಹಿಡಿತ ಸಡಿಲವಾಗಿ, ಒಳಗಿದ್ದ ಬಿಸಿರಕ್ತ ಕೈಕಾಲುಗಳ ಕಡೆಗೆ ಹರಿಯುತ್ತದೆ. ಬಿಸಿಲುಮಚ್ಚಿನ ಮನೆಯಲ್ಲಿ ಒಲೆಯ ಕೋಣೆಯ ಬಾಗಿಲು ತೆರೆದಂತೆ: ಬಿಸಿ ಮನೆಯಿಂದ ಹೊರಗೆ ಹೋಗಿರುವುದಿಲ್ಲ, ಆದರೆ ಒಲೆಯ ಕೋಣೆ ತಣ್ಣಗಾಗಿರುತ್ತದೆ. ಮೊದಲ ಒಂದು ಗಂಟೆಯಲ್ಲಿ ಒಳತಾಪಮಾನ 1ರಿಂದ 1.5 ಡಿಗ್ರಿ ಇಳಿಯುವುದಕ್ಕೆ ಈ ಹಂಚಿಕೆಯೇ ಮುಖ್ಯ ಕಾರಣ, ಎ.ಸಿ. ಅಲ್ಲ. ಅದಾದ ಮೇಲೆ ಎರಡು, ಮೂರು ಗಂಟೆಗಳ ಕಾಲ ದೇಹ ಉತ್ಪಾದಿಸುವುದಕ್ಕಿಂತ ಹೆಚ್ಚು ಬಿಸಿಯನ್ನು ಕಳೆದುಕೊಳ್ಳುತ್ತ ನಿಧಾನವಾಗಿ ಇಳಿಯುತ್ತದೆ. ಆಗ ಕೋಣೆಯ ಗಾಳಿ, ಒದ್ದೆ ಬಟ್ಟೆ, ತೆರೆದ ಹೊಟ್ಟೆ, ತಣ್ಣನೆಯ ಸಲೈನ್ ಎಲ್ಲವೂ ತಮ್ಮ ಪಾಲನ್ನು ಕಿತ್ತುಕೊಳ್ಳುತ್ತವೆ.

ಸ್ಪೈನಲ್‌ನಲ್ಲಿ ಇದೇ ಆಗುತ್ತದೆ, ಸೊಂಟದ ಕೆಳಗೆ. ಅಲ್ಲಿ ನಡುಕವೂ ಬರುವುದಿಲ್ಲ, ನಾಳಗಳೂ ಬಿಗಿಯಾಗುವುದಿಲ್ಲ, ಮತ್ತು ಕಾಲುಗಳಿಗೆ ರಕ್ತ ತುಂಬಿಕೊಳ್ಳುವುದರಿಂದ ರೋಗಿಗೆ ಬೆಚ್ಚಗೆ ಅನ್ನಿಸುತ್ತಿರಬಹುದು. "ಚಳಿಯಾಗ್ತಿದೆಯಾ ಅಜ್ಜಿ?" ಎಂದು ಕೇಳಿ, "ಇಲ್ಲಪ್ಪ" ಎಂಬ ಉತ್ತರವನ್ನು ನಂಬಿ ಕೂತರೆ ನಾವು ಮೋಸ ಹೋಗುತ್ತೇವೆ. ಜಿಲ್ಲಾ ಮಟ್ಟದಲ್ಲಿ ನಮ್ಮ ಕೆಲಸದ ದೊಡ್ಡ ಪಾಲು ಸ್ಪೈನಲ್‌ನಲ್ಲಿಯೇ ನಡೆಯುತ್ತದೆ, ತಾಪಮಾನ ಅಳೆಯದೆ ಬಿಡುವುದೂ ಅಲ್ಲಿಯೇ ಹೆಚ್ಚು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದರಿಂದ ಗಾಯಕ್ಕೇನು ಲಾಭ ಎಂದು ಕೇಳುವವರಿಗೆ ಮೊದಲು ತೋರಿಸಬೇಕಾದದ್ದು 1996ರಲ್ಲಿ ಆಂಡ್ರಿಯಾ ಕುರ್ಜ್, ಡೇನಿಯಲ್ ಸೆಸ್ಲರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ದೊಡ್ಡ ಕರುಳಿನ ಆಪರೇಷನ್ ಆದ 200 ರೋಗಿಗಳಲ್ಲಿ, ಮೈ ತಣ್ಣಗಾಗಲು ಬಿಟ್ಟ ಗುಂಪಿನಲ್ಲಿ ಶೇ. 19 ಮಂದಿಗೆ ಗಾಯ ಸೋಂಕಾದರೆ, ಬೆಚ್ಚಗಿಟ್ಟ ಗುಂಪಿನಲ್ಲಿ ಶೇ. 6 ಮಂದಿಗೆ ಮಾತ್ರ ಆಯಿತು. ತಣ್ಣಗಾದ ಚರ್ಮದಡಿಯ ನಾಳಗಳು ಮುದುಡಿ ಗಾಯಕ್ಕೆ ಆಮ್ಲಜನಕ ಕಡಿಮೆಯಾಗುತ್ತದೆ, ಕ್ರಿಮಿಗಳನ್ನು ಕೊಲ್ಲುವ ಬಿಳಿ ರಕ್ತಕಣಗಳು ಮಂದವಾಗುತ್ತವೆ. ರಕ್ತಸ್ರಾವದ ವಿಷಯದಲ್ಲಿ ಇನ್ನೊಂದು ಮೋಸವಿದೆ. ಚಳಿಗೆ ಪ್ಲೇಟ್‌ಲೆಟ್‌ಗಳೂ ಹೆಪ್ಪುಗಟ್ಟಿಸುವ ಕಿಣ್ವಗಳೂ ನಿಧಾನವಾಗುತ್ತವೆ. ಆದರೆ ಲ್ಯಾಬಿನಲ್ಲಿ ಆ ರಕ್ತವನ್ನು 37 ಡಿಗ್ರಿಗೆ ಬಿಸಿಮಾಡಿ ಪರೀಕ್ಷಿಸುವುದರಿಂದ ವರದಿ ಸಹಜವೆಂದೇ ಬರಬಹುದು. ಕಾಟರಿ (ವಿದ್ಯುತ್ತಿನಿಂದ ಸುಟ್ಟು ರಕ್ತ ನಿಲ್ಲಿಸುವ ಉಪಕರಣ) ಹಿಡಿದು ಹಿಡಿದು ಸಾಕಾದರೂ ಇಡೀ ಗಾಯ ಒಸರುತ್ತಿದ್ದರೆ, ವರದಿ ಚೆನ್ನಾಗಿದ್ದರೆ, ಮುಂದಿನ ಪ್ರಶ್ನೆ ತಾಪಮಾನದ್ದೇ ಆಗಿರಬೇಕು. ಇದಲ್ಲದೆ ಸ್ನಾಯು ಸಡಿಲಿಸುವ ಮದ್ದುಗಳು ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ (ದೇಹ 2 ಡಿಗ್ರಿ ತಣ್ಣಗಾದರೆ ವೆಕುರೋನಿಯಂನ ಪ್ರಭಾವ ಸುಮಾರು ಇಮ್ಮಡಿ ಕಾಲ ಉಳಿಯುತ್ತದೆ), ಮತ್ತು ಎಚ್ಚರವಾದ ಮೇಲಿನ ನಡುಕ ಹೃದ್ರೋಗಿಯ ಆಮ್ಲಜನಕದ ಬೇಡಿಕೆಯನ್ನು ಬಹಳ ಏರಿಸುತ್ತದೆ.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. 2022ರಲ್ಲಿ ಪ್ರಕಟವಾದ, ಚೀನಾ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ಪ್ರೊಟೆಕ್ಟ್ ಎಂಬ ಅಧ್ಯಯನದಲ್ಲಿ, ಒಂದು ಗುಂಪನ್ನು 37 ಡಿಗ್ರಿಯಲ್ಲಿಯೂ ಇನ್ನೊಂದನ್ನು 35.5ರಲ್ಲಿಯೂ ಇಡಲು ಯತ್ನಿಸಿದಾಗ ಹೃದಯದ ತೊಂದರೆಗಳಲ್ಲಾಗಲಿ ಸಾವಿನಲ್ಲಾಗಲಿ ಗಾಯದ ಸೋಂಕಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ದಶಮಾಂಶಗಳ ಹಿಂದೆ ಓಡಿ 37ನ್ನೇ ಮುಟ್ಟಬೇಕೆಂಬ ಹಟ ಬೇಡ ಎಂಬುದು ನನ್ನ ಅಭಿಪ್ರಾಯ. ಆದರೆ ಅಲ್ಲಿನ 35.5 ಎಂಬುದು ಪ್ರೋಬ್ ಇಟ್ಟು, ಕಾದು, ಹಿಡಿದು ನಿಲ್ಲಿಸಿದ ಸಂಖ್ಯೆ; ನಮ್ಮ ಅಜ್ಜಿಯ 34.8 ಯಾರೂ ನೋಡದೆ ಇಳಿದುಹೋದ ಸಂಖ್ಯೆ. ಅಳೆಯುವುದನ್ನು ಬಿಡಲು ಆ ಅಧ್ಯಯನವನ್ನು ನೆಪ ಮಾಡಿಕೊಳ್ಳುವುದು ಸಲ್ಲದು.

ಮೇಜಿಗೆ ಬರುವ ಮೊದಲು

ಕೆಲಸ ಹಿಂದಿನ ಸಂಜೆಯೇ ಆರಂಭವಾಗುತ್ತದೆ. ವಾರ್ಡ್ ರೌಂಡ್ ಮುಗಿಸುವಾಗ ರೋಗಿಗೂ ಮನೆಯವರಿಗೂ, ಬೆಳಿಗ್ಗೆ ಥಿಯೇಟರಿಗೆ ಕರೆದೊಯ್ಯುವವರೆಗೂ ಸ್ವೆಟರ್, ಸಾಕ್ಸ್, ತಲೆಗೆ ಸ್ಕಾರ್ಫ್, ಹೊದಿಕೆ ಇರಲಿ ಎಂದು ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಆಪರೇಷನ್ ಎಂದರೆ ಎಲ್ಲವನ್ನೂ ಬಿಚ್ಚಿ ಆಸ್ಪತ್ರೆಯ ತೆಳುವಾದ ಹಸಿರು ಬಟ್ಟೆಯಲ್ಲಿ ಬೆಳಗ್ಗೆ ಆರಕ್ಕೇ ಕಾಯುತ್ತ ಕೂರುವುದು ಎಂದು ನಮ್ಮ ಜನ ಭಾವಿಸಿದ್ದಾರೆ. ಡಿಸೆಂಬರ್, ಜನವರಿಯಲ್ಲಿ ಚಿಕ್ಕಮಗಳೂರಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಹಾಗೆ ಒಂದು ಗಂಟೆ ಕೂತವರ ಕೈಕಾಲುಗಳು ಅರಿವಳಿಕೆಗೆ ಮೊದಲೇ ತಣ್ಣಗಾಗಿರುತ್ತವೆ. ಒಳಗಿನ ಬಿಸಿ ಹರಿದು ಹೋಗುವುದು ಆ ತಣ್ಣನೆಯ ಕೈಕಾಲುಗಳಿಗೇ.

ಥಿಯೇಟರಿಗೆ ಹೊರಡುವ ಹಿಂದಿನ ಒಂದು ಗಂಟೆಯೊಳಗೆ ತಾಪಮಾನವನ್ನು ಬರೆಸಿ. 36ಕ್ಕಿಂತ ಕಡಿಮೆಯಿದ್ದು, ಕೇಸು ಕಾಯುವಂಥದ್ದಾದರೆ, ಬೆಚ್ಚಗೆ ಮಾಡಿದ ಮೇಲೆಯೇ ಅರಿವಳಿಕೆ ಆರಂಭಿಸಬೇಕೆಂದು ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿ 2008ರಿಂದಲೂ ಹೇಳುತ್ತಿದೆ. ಬಿಸಿಗಾಳಿಯನ್ನು ಊದುವ ಹೊದಿಕೆ ನಿಮ್ಮಲ್ಲಿದ್ದರೆ ಅದನ್ನು ಅರಿವಳಿಕೆಗೆ ಮೊದಲೇ ಹತ್ತರಿಂದ ಮೂವತ್ತು ನಿಮಿಷ ಹಾಕಿಸಿ. ಕೈಕಾಲು ಮೊದಲೇ ಬೆಚ್ಚಗಿದ್ದರೆ ಹಂಚಿಹೋಗುವ ಬಿಸಿ ಕಡಿಮೆಯಾಗುತ್ತದೆ. ಬಿಸಿಯನ್ನು ಆಮೇಲೆ ತುಂಬಿಸುವುದಕ್ಕಿಂತ ಇದು ಎಷ್ಟೋ ಸುಲಭ.

ಮಳೆಗಾಲದ ಅಪಘಾತದ ಕೇಸುಗಳಲ್ಲಿ ಇಷ್ಟು ಪುರುಸೊತ್ತು ಇರುವುದಿಲ್ಲ. ಶಿರಾಡಿ ಘಾಟಿಯಲ್ಲಿ ಲಾರಿ ಮಗುಚಿ ಬಂದವರೂ ತೋಟದಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಬಿದ್ದವರೂ ತೊಯ್ದ ಬಟ್ಟೆಯಲ್ಲಿಯೇ ಬರುತ್ತಾರೆ. ಆ ಬಟ್ಟೆಯನ್ನು ಕತ್ತರಿಸಿ ತೆಗೆದು, ಮೈ ಒರೆಸಿ, ಒಣ ಹೊದಿಕೆ ಹೊದಿಸುವುದನ್ನು ಎಕ್ಸ್‌ರೇಗೆ ಕಳಿಸುವ ಮೊದಲೇ ಮಾಡಬೇಕು. ಚಳಿ, ರಕ್ತದ ಆಮ್ಲೀಯತೆ, ಹೆಪ್ಪುಗಟ್ಟದಿರುವಿಕೆ ಮೂರೂ ಒಂದನ್ನೊಂದು ಬೆಳೆಸುವುದರಿಂದ, ಅಂಥವರಲ್ಲಿ ರಕ್ತಸ್ರಾವ ನಿಲ್ಲಿಸುವಷ್ಟು ಕೆಲಸ ಮಾಡಿ ಬೇಗ ಹೊರಬರುವುದು, ಉಳಿದದ್ದನ್ನು ಮರುದಿನಕ್ಕೆ ಇಡುವುದು ಜಾಣತನ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯನ್ನು ಈಗ ಬಹುತೇಕ ಎಲ್ಲರೂ ಗೋಡೆಗೆ ಅಂಟಿಸಿದ್ದೇವೆ. ಅದರ 19 ಅಂಶಗಳಲ್ಲಿ ಆ್ಯಂಟಿಬಯೋಟಿಕ್ ಇದೆ, ಅಲರ್ಜಿ ಇದೆ, ಹತ್ತಿಬಟ್ಟೆಯ ಎಣಿಕೆ ಇದೆ, ತಾಪಮಾನವಿಲ್ಲ. ಪಟ್ಟಿಯನ್ನು ಸ್ಥಳೀಯವಾಗಿ ಹಿಗ್ಗಿಸಿಕೊಳ್ಳಲು ಅದರಲ್ಲಿಯೇ ಅವಕಾಶವಿರುವುದರಿಂದ ಚಾಕು ಇಡುವ ಮುನ್ನ ಎಲ್ಲರೂ ನಿಲ್ಲುವ ಆ ಒಂದು ನಿಮಿಷಕ್ಕೆ ನಾನು ಒಂದು ಪ್ರಶ್ನೆ ಸೇರಿಸಿಕೊಂಡಿದ್ದೇನೆ. "ಮೇಡಂ, ಟೆಂಪರೇಚರ್ ಎಷ್ಟಿದೆ, ಪ್ರೋಬ್ ಎಲ್ಲಿದೆ?" ಮೊದಮೊದಲು "ಸ್ಪೈನಲ್ ಅಲ್ವಾ ಸಾರ್, ಹಾಕಿಲ್ಲ" ಎಂಬ ಉತ್ತರ ಬರುತ್ತಿತ್ತು. ಎರಡು ವಾರ ಬಿಡದೆ ಕೇಳಿದ ಮೇಲೆ, ಕೇಳುವ ಮೊದಲೇ ಹೇಳತೊಡಗಿದರು. ಪ್ರಶ್ನೆಯನ್ನು ತಪ್ಪು ಹಿಡಿಯುವ ದನಿಯಲ್ಲಿ ಕೇಳಬಾರದು; ಹೆಚ್ಚಿನ ಕಡೆ ಅವರಿಗೆ ಪ್ರೋಬ್ ಕೊಡಿಸಬೇಕಾದವರೂ ನಾವೇ.

ಗಾಯ ತೆರೆದಿರುವಾಗ

ರೋಗಿಯ ಮೈ ತೆರೆದಿರುವಷ್ಟು ಹೊತ್ತೂ ಕೋಣೆ ಕನಿಷ್ಠ 21 ಡಿಗ್ರಿ ಇರಲಿ. ಬೆಚ್ಚಗಿಡುವ ಉಪಕರಣ ಕೆಲಸ ಆರಂಭಿಸಿದ ಮೇಲೆ ನಿಮಗೆ ಬೇಕಾದಷ್ಟು ಇಳಿಸಿಕೊಳ್ಳಿ. ಸಿಸೇರಿಯನ್‌ನಲ್ಲಿ ಲೆಕ್ಕ ಬೇರೆ, ಒದ್ದೆ ಮೈಯ ಮಗು ಬರುವ ಕೋಣೆ 25 ಡಿಗ್ರಿಗಿಂತ ಕಡಿಮೆ ಇರಬಾರದು. ಹರ್ನಿಯಾಗೆ ಎದೆಯವರೆಗೂ, ಸ್ತನದ ಗಡ್ಡೆಗೆ ಪಾದದವರೆಗೂ ಬಟ್ಟೆ ಸರಿಸುವ ಅಭ್ಯಾಸ ನಮ್ಮಲ್ಲಿದೆ. ಬೇಕಾದಷ್ಟನ್ನೇ ತೆರೆಯಿರಿ, ಸ್ಕ್ರಬ್ ಮಾಡಿಕೊಂಡು ಬಂದ ಮೇಲೆ ತೆರೆಯಿರಿ. ರೋಗಿಯನ್ನು ತೆರೆದಿಟ್ಟು ಕೈ ತೊಳೆಯಲು ಹೋಗುವುದು ಬೇಡ. ಚರ್ಮಕ್ಕೆ ಹಚ್ಚುವ ಸ್ಪಿರಿಟ್ ಆರುವಾಗ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. ಅದನ್ನು ಆರಲು ಬಿಡಲೇಬೇಕು, ಇಲ್ಲದಿದ್ದರೆ ಕಾಟರಿಯ ಕಿಡಿಗೆ ಬೆಂಕಿ ಹತ್ತುವ ಭಯ. ಆದರೆ ಬೆನ್ನಿನಡಿ ಹರಿದು ನಿಂತ ದ್ರಾವಣವನ್ನು ಒರೆಸಿ, ಒದ್ದೆಯಾದ ಶೀಟನ್ನು ಬದಲಿಸಿಯೇ ಡ್ರೇಪ್ (ಗಾಯದ ಸುತ್ತ ಹೊದಿಸುವ ಶುದ್ಧೀಕರಿಸಿದ ಬಟ್ಟೆ) ಹಾಕಬೇಕು.

ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವ ಕೇಸಿಗೆ ಬಿಸಿಗಾಳಿ ಹೊದಿಕೆ ಹಾಕುವುದು ಸರಿಯಾದ ಕ್ರಮ. ಅದರ ಕೊಳವೆಯನ್ನು ಹೊದಿಕೆಗೆ ಜೋಡಿಸದೆ ನೇರವಾಗಿ ಬಟ್ಟೆಯಡಿ ತೂರಿಸುವುದನ್ನು ನಾನು ಕಂಡಿದ್ದೇನೆ. ಹಾಗೆ ಮಾಡಿದರೆ ಚರ್ಮ ಸುಡುತ್ತದೆ. ರಕ್ತಸಂಚಾರ ನಿಂತ ಕಾಲಿನ ಮೇಲೆ, ಅಂದರೆ ಟೂರ್ನಿಕೆ ಕಟ್ಟಿದ ಅಥವಾ ಮುಖ್ಯ ಧಮನಿಗೆ ಕ್ಲ್ಯಾಂಪ್ ಹಾಕಿದ ಕಡೆ, ಬಿಸಿ ಹಾಯಿಸಕೂಡದು. ಉಪಕರಣವಿಲ್ಲದ ಕಡೆ ಬಿಸಿನೀರಿನ ಬಾಟಲಿ, ಬಿಸಿ ಸಲೈನ್ ಚೀಲಗಳನ್ನು ಕಂಕುಳಲ್ಲಿ ಇಡುವ ಹಳೆಯ ಉಪಾಯವನ್ನು ಕೈಬಿಡಿ. ಅರಿವಳಿಕೆಯಲ್ಲಿರುವವರು ಸುಡುತ್ತಿದೆ ಎಂದು ಹೇಳಲಾರರು. ಬದಲಿಗೆ ತಲೆಗೆ ಟೋಪಿ, ಕೈಕಾಲಿಗೆ ಹತ್ತಿಯ ಸುರುಳಿ, ಡ್ರೇಪ್‌ನ ಹೊರಗಿನ ಭಾಗಕ್ಕೆ ಒಗೆದ ಒಣ ಕಂಬಳಿ ಇಷ್ಟಾದರೂ ಚರ್ಮದಿಂದ ಹೋಗುವ ಬಿಸಿಯ ಒಳ್ಳೆಯ ಪಾಲನ್ನು ತಡೆಯುತ್ತವೆ.

ಇನ್ನು ನೀರಿನ ವಿಷಯ. ಇಲ್ಲಿ ಶಸ್ತ್ರಚಿಕಿತ್ಸಕರ ಹೊಣೆ ಅತಿ ಹೆಚ್ಚು. ಕೋಣೆಯ ತಾಪಮಾನದಲ್ಲಿರುವ ಒಂದು ಲೀಟರ್ ಸಲೈನ್ ಅಥವಾ ಫ್ರಿಜ್ಜಿನಿಂದ ತೆಗೆದ ಒಂದು ಯೂನಿಟ್ ರಕ್ತ, ದೊಡ್ಡವರ ದೇಹದ ತಾಪಮಾನವನ್ನು ಸುಮಾರು ಕಾಲು ಡಿಗ್ರಿ ಇಳಿಸುತ್ತದೆ, 70 ಕೆ.ಜಿ. ದೇಹದ ಆ ಲೆಕ್ಕ 40 ಕೆ.ಜಿ.ಯ ಅಜ್ಜಿಗೆ ಇನ್ನೂ ದುಬಾರಿ. ಅರ್ಧ ಲೀಟರ್ ಮೀರಿ ಡ್ರಿಪ್ ಕೊಡುವುದಿದ್ದರೆ ಅದು ವಾರ್ಮರ್ ಮೂಲಕ 37 ಡಿಗ್ರಿಯಲ್ಲಿ ಹೋಗಲಿ. ಹೊಟ್ಟೆ ತೊಳೆಯಲು, ಪ್ರಾಸ್ಟೇಟ್ ಅಥವಾ ಕಿಡ್ನಿ ಕಲ್ಲಿನ ಕೆಲಸದಲ್ಲಿ ಹಾಯಿಸಲು ಬಳಸುವ ದ್ರವ 38ರಿಂದ 40 ಡಿಗ್ರಿ ಇರಬೇಕು. ಇದನ್ನು ಕೈಯಿಂದ ಅಳೆಯಲಾಗದು. ಒಮ್ಮೆ ಸ್ಕ್ರಬ್ ಸಿಸ್ಟರ್ ಬೋಗುಣಿಗೆ ಸುರಿದ ಸಲೈನ್‌ನಲ್ಲಿ ಎರಡು ಜೊತೆ ಗ್ಲೌಸ್ ತೊಟ್ಟ ಬೆರಳು ಅದ್ದಿ, "ಬೆಚ್ಚಗಿದೆ, ಸಾಕು" ಎಂದೆ. ಸಂಶಯ ಬಂದು ಸ್ಟೆರೈಲ್ ಪ್ರೋಬ್ ಇಳಿಸಿ ನೋಡಿದರೆ 31. ಬಿಸಿ ಕಪಾಟಿನಿಂದ ಬಾಟಲಿ ತೆಗೆದು ಇಪ್ಪತ್ತು ನಿಮಿಷವಾಗಿತ್ತು, ಸ್ಟೀಲ್ ಬೋಗುಣಿ ತಣ್ಣಗಿತ್ತು. ಈಗ ಕಪಾಟಿನ ತಾಪಮಾನ 40ರಲ್ಲಿದೆಯೇ ಎಂದು ಬೆಳಿಗ್ಗೆ ಬರೆಸುತ್ತೇವೆ, ಬಾಟಲಿಯನ್ನು ತೊಳೆಯುವ ಕ್ಷಣದಲ್ಲಿಯೇ ತೆಗೆಸುತ್ತೇವೆ. ಮೈಕ್ರೋವೇವ್‌ನಲ್ಲಿಯೂ ಒಲೆಯ ಮೇಲೂ ಕಾಯಿಸುವುದು ಅಪಾಯ. ಚೀಲದ ಒಂದು ಭಾಗ ಕುದಿಯುತ್ತಿದ್ದು ಇನ್ನೊಂದು ಭಾಗ ತಣ್ಣಗಿರಬಹುದು.

ಕರುಳನ್ನು ಹೊರಗೆ ತೆಗೆದಿಡಬೇಕಾದಾಗ ಒದ್ದೆ ಮಾಪ್‌ನಲ್ಲಿ (ಆಪರೇಷನ್‌ಗೆ ಬಳಸುವ ದೊಡ್ಡ ಹತ್ತಿಬಟ್ಟೆಯಲ್ಲಿ) ಸುತ್ತಿ ಬಿಟ್ಟರೆ ಅದೇ ತಣ್ಣೀರು ಪಟ್ಟಿಯಾಗುತ್ತದೆ. ಬಿಸಿ ಸಲೈನ್‌ನಲ್ಲಿ ಅದ್ದಿದ ಮಾಪ್ ಹಾಕಿ, ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿ, ಆದಷ್ಟು ಬೇಗ ಒಳಗೆ ಸೇರಿಸಿ. ಅರ್ಧ ಗಂಟೆಗೊಮ್ಮೆ ಸಂಖ್ಯೆ ಕೇಳಿ. ಅದು 37.5 ದಾಟಿದರೆ ಹೊದಿಕೆಯ ಬಿಸಿ ಇಳಿಸಲು ಹೇಳುವುದನ್ನೂ ಮರೆಯಬಾರದು. ಚಿಕ್ಕ ಮಕ್ಕಳು ಡ್ರೇಪ್‌ನಡಿ ಬೇಗ ತಣ್ಣಗಾಗುವಂತೆಯೇ ಬೇಗ ಕಾಯುತ್ತಾರೆ ಕೂಡ.

ಹೊಲಿಗೆ ಮುಗಿದ ಮೇಲೆ

ಚರ್ಮದ ಕೊನೆಯ ಹೊಲಿಗೆ ಬಿದ್ದೊಡನೆ ಗೌನ್ ಬಿಚ್ಚಿ ಕಾಫಿಗೆ ಹೋಗುವ ನಮ್ಮ ಆತುರದಲ್ಲಿ ಹತ್ತು ನಿಮಿಷಗಳು ಕಳೆದುಹೋಗುತ್ತವೆ. ಅಷ್ಟರಲ್ಲಿ ಡ್ರೇಪ್ ಎಳೆದಿರುತ್ತಾರೆ, ಬಿಸಿಗಾಳಿ ನಿಂತಿರುತ್ತದೆ, ಒದ್ದೆ ಬಟ್ಟೆಯಿಂದ ಹೊಟ್ಟೆ ಒರೆಸುತ್ತಿರುತ್ತಾರೆ, ಟ್ರಾಲಿ ಇನ್ನೂ ಬಂದಿರುವುದಿಲ್ಲ, ರೋಗಿ ಬರಿಮೈಯಲ್ಲಿರುತ್ತಾರೆ. ಪಟ್ಟಿ ಹಾಕಿದೊಡನೆ ಒಣ ಹೊದಿಕೆ ಬೀಳುವವರೆಗೆ ಅಲ್ಲಿಯೇ ನಿಲ್ಲಿ. ರಿಕವರಿಯಲ್ಲಿ ಕಾಲು ಗಂಟೆಗೊಮ್ಮೆ ತಾಪಮಾನ ನೋಡಬೇಕು, ನಡುಕ ಬಂದರೆ ಅರಿವಳಿಕೆ ತಜ್ಞರು ಟ್ರಮಡಾಲ್ ಅಥವಾ ಪೆಥಿಡಿನ್ ಕೊಡುತ್ತಾರೆ, ಆದರೆ ಮದ್ದು ನಡುಕವನ್ನು ನಿಲ್ಲಿಸುತ್ತದೆಯೇ ಹೊರತು ಮೈಯನ್ನು ಬೆಚ್ಚಗೆ ಮಾಡುವುದಿಲ್ಲ, ಬಿಸಿಗಾಳಿ ಮುಂದುವರಿಯಲೇಬೇಕು. 36 ಮುಟ್ಟುವವರೆಗೆ ವಾರ್ಡಿಗೆ ಕಳಿಸುವಂತಿಲ್ಲ ಎಂಬುದನ್ನು, ಹಾಸಿಗೆ ಖಾಲಿ ಮಾಡಿಸುವ ಒತ್ತಡವಿದ್ದರೂ, ಸಡಿಲಿಸಬೇಡಿ.

ಆಪರೇಷನ್ ನೋಟ್ಸ್‌ನಲ್ಲಿ ರಕ್ತ ಎಷ್ಟು ಹೋಯಿತು ಎಂದು ಬರೆಯುವ ಸಾಲಿನ ಕೆಳಗೆ, ಆರಂಭದ, ಅತಿ ಕಡಿಮೆಯ ಮತ್ತು ಕೊನೆಯ ತಾಪಮಾನವನ್ನು ನಿಮ್ಮ ಕೈಯಲ್ಲಿಯೇ ಬರೆಯಿರಿ, ಅಳೆದ ಜಾಗದ ಸಮೇತ. ವಾರಕ್ಕೊಮ್ಮೆ ಆ ಸಾಲುಗಳನ್ನಷ್ಟೇ ತಿರುವಿ ನೋಡಿದರೆ ಯಾವ ಬಗೆಯ ಕೇಸಿನಲ್ಲಿ, ಯಾವ ಪಾಳಿಯಲ್ಲಿ ಇಳಿಯುತ್ತಿದೆ ಎಂಬುದು ತಾನಾಗಿ ಕಾಣುತ್ತದೆ. ನನ್ನ ಪುಸ್ತಕದಲ್ಲಿ ಅದು ಪ್ರತಿ ಬೆಳಗಿನ ಮೊದಲ ಕೇಸು, ರಾತ್ರಿಯಿಡೀ ಎ.ಸಿ. ಓಡಿದ ಕೋಣೆಯಲ್ಲಿ. ಈಗ ನಮ್ಮ ವಾರ್ಡ್ ಬಾಯ್ ಏಳು ಗಂಟೆಗೆ ಬಂದು ಮೊದಲು ಎ.ಸಿ.ಯ ತಾಪಮಾನ ಏರಿಸುತ್ತಾನೆ, ಆಮೇಲೆ ದೀಪ ಹಾಕುತ್ತಾನೆ. ರೋಗಿಯ ಸ್ವಂತ ಕಂಬಳಿಯನ್ನು ಹೆಸರಿನ ಚೀಟಿ ಅಂಟಿಸಿದ ಚೀಲದಲ್ಲಿ ಹಾಕಿ, ರಿಕವರಿಯ ಬಾಗಿಲ ಬಳಿಯ ಕಪಾಟಿನಲ್ಲಿ ಇಡಿಸುತ್ತೇವೆ.